ಬಾಡಿಗೆ ಮೆಷಿನ್‌ಗೆ ಸ್ವಂತ ಕಾರ್ಡ್ ಸಿಕ್ಕ ಕಥೆ

ಕೇಳುಗರೇ, 2006ಕ್ಕೆ ಹೋಗೋಣ, ಅಮೆಜಾನ್ ಇಸಿ2 ಶುರುವಾದ ವರ್ಷ. ಒಂದೇ ಸರ್ವರ್‌ನಲ್ಲಿ ಹಲವರ ವರ್ಚುವಲ್ ಮೆಷಿನ್‌ಗಳು. ನೆಟ್‌ವರ್ಕ್ ಕಾರ್ಡ್ ಮಾತ್ರ ಝೆನ್ ಅನ್ನೋ ಸಾಫ್ಟ್‌ವೇರ್ ವ್ಯವಸ್ಥೆಯ ಕೈಲಿ. ಪ್ರತಿ ಪ್ಯಾಕೆಟ್ಟೂ ಅದನ್ನು ದಾಟಿಯೇ ಹೋಗಬೇಕು, ಪ್ರೊಸೆಸರ್‌ಗೆ ಸುಸ್ತು.

ಕಾರ್ಡನ್ನೇ ಒಬ್ಬರಿಗೆ ಕೊಟ್ಟುಬಿಟ್ರೆ? ವೇಗ ಬರುತ್ತೆ, ಉಳಿದವರಿಗೆ ಕಾರ್ಡಿಲ್ಲ. ಇನ್ನೊಂದು ಭಯ ಇದಕ್ಕಿಂತ ದೊಡ್ಡದು: ಕಾರ್ಡ್ ಮೆಮೊರಿಯನ್ನು ನೇರವಾಗಿ ಓದುತ್ತೆ, ಪಕ್ಕದ ಗಿರಾಕಿಯ ಡೇಟಾನೂ ಸಿಕ್ಕಿಬಿಡಬಹುದು! ಯಾವ ಕಾರ್ಡ್ ಯಾವ ಮೆಮೊರಿ ಮುಟ್ಟಬಹುದು ಅಂತ ಕಾವಲು ಕಾಯೋದು ಐಒಎಂಎಂಯು ಅನ್ನೋ ಹಾರ್ಡ್‌ವೇರ್. ನನ್ನ ಪ್ರಕಾರ ಅಸಲಿ ಹೀರೋ ಅದೇ.

2007ರ ಎಸ್‌ಆರ್-ಐಒವಿ ಮಾನದಂಡದಿಂದ ಒಂದೇ ಕಾರ್ಡ್ ಹಲವು ಕಾರ್ಡ್‌ಗಳಂತೆ ಕಾಣಿಸಿಕೊಳ್ಳೋದು ಸಾಧ್ಯವಾಯಿತು. ಅಮೆಜಾನ್ ಇದನ್ನು ಗ್ರಾಹಕರಿಗೆ ಕೊಟ್ಟದ್ದು 2013ರಲ್ಲಿ, ಸಿ3 ಮೆಷಿನ್‌ಗಳ ಜೊತೆ. ತೊಡಕೂ ಇತ್ತು: ಹೀಗೆ ಕಾರ್ಡಿಗೆ ಅಂಟಿಕೊಂಡ ಮೆಷಿನ್ನನ್ನು, ಓಡ್ತಿರುವಾಗಲೇ ಬೇರೆ ಸರ್ವರ್‌ಗೆ ಸಾಗಿಸೋದು ಕಷ್ಟ.