ಆವಿಯಾಗಿದ್ದು ನೀರು, ಉಪ್ಪಲ್ಲ: ಗಾಜಿನ ಕಡಲಿನ ಹಳೇ ಪಾಠ

ಇವತ್ತಿನ ಕಥೆ ಉಪ್ಪುನೀರಿನ ಅಕ್ವೇರಿಯಂದು. ಶುರು ಮಾಡೋದು ನನ್ನ ತಪ್ಪಿನಿಂದಲೇ.

ಡೊಂಬಿವಲಿಯ ನಮ್ಮ ಫ್ಲ್ಯಾಟ್‌ನಲ್ಲಿ 40 ಲೀಟರ್‌ನ ತೊಟ್ಟಿ ಇಟ್ಟಿದ್ದೆ. ಮೇ ತಿಂಗಳ ಸೆಕೆಗೆ ವಾರಕ್ಕೆ ಎರಡು ಲೀಟರ್ ಆರಿಹೋಗ್ತಿತ್ತು. ನಾನು ಅಷ್ಟೇ ಉಪ್ಪುನೀರು ಕಲಸಿ ತುಂಬಿಸ್ತಿದ್ದೆ. ನಾಲ್ಕು ವಾರ ಕಳೆದ ಮೇಲೆ ಸಿಗಡಿ ಸತ್ತಿತ್ತು. "ಅಪ್ಪಾ, ನೀರು ಕಮ್ಮಿನೇ ಆಗಿಲ್ವಲ್ಲ?" ಅಂದಳು ಮಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಇತಿಹಾಸದಲ್ಲಿ. 1846ರಲ್ಲಿ ಆನಾ ಥಿನ್ ಅನ್ನೋ ಮಹಿಳೆ ಇಂಗ್ಲೆಂಡಿನ ಕಡಲತೀರದಿಂದ ಲಂಡನ್ನಿಗೆ ಹವಳದ ಜೀವಿಗಳನ್ನು ತಂದರು. ಹೊಸ ಕಡಲ ನೀರು ಸುಲಭಕ್ಕೆ ಸಿಗ್ತಿರಲಿಲ್ಲ. ಹಾಗಾಗಿ ಇದ್ದ ನೀರನ್ನೇ ತೆರೆದ ಕಿಟಕಿಯ ಹತ್ತಿರ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು, ಗಾಳಿ ಬೆರೆಸಿ ಬಳಸಿದರು. ನಮ್ಮ ಏರ್ ಪಂಪ್ ಮಾಡೋದೂ ಇದನ್ನೇ.

1850ರಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಮೀನು, ಗಿಡ, ಬಸವನಹುಳು ಒಟ್ಟಿಗಿದ್ದರೆ ಸಿಹಿನೀರಿನ ತೊಟ್ಟಿ ತಾನೇ ಸಮತೋಲದಲ್ಲಿ ಇರುತ್ತೆ ಅಂತ ಬರೆದರು. ಆಮೇಲೆ ಅದನ್ನೇ ಕಡಲ ನೀರಿನಲ್ಲಿ ಮಾಡಿ ನೋಡಿದರು. ಆವಿಯಾದ ಜಾಗಕ್ಕೆ ಅವರು ಹಾಕಿದ್ದು ಉಪ್ಪುನೀರಲ್ಲ, ಮಳೆನೀರು ಇಲ್ಲವೇ ಭಟ್ಟಿ ಇಳಿಸಿದ ನೀರು! 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ನಾಲ್ಕು ಲವಣ ಬೆರೆಸಿ ಕೃತಕ ಕಡಲ ನೀರನ್ನೇ ಮಾಡಿದರು. ನಾವು ಪ್ಯಾಕೆಟ್ ಉಪ್ಪು ಕಲಸೋದಕ್ಕೆ ಮೂಲ ಅದೇ.

ಈಗ ನನ್ನ ಲೆಕ್ಕ ನೋಡಿ. ಲೀಟರಿಗೆ 35 ಗ್ರಾಂ ಅಂದ್ರೆ ತೊಟ್ಟಿಯಲ್ಲಿ 1400 ಗ್ರಾಂ ಉಪ್ಪು. ವಾರಕ್ಕೆ 70 ಗ್ರಾಂ ಸೇರಿ ನಾಲ್ಕು ವಾರಕ್ಕೆ 1680, ಅಂದ್ರೆ ಲೀಟರಿಗೆ 42 ಗ್ರಾಂ. ಬಗ್ ಇದ್ದಿದ್ದು ಇಲ್ಲೇ. ಮಟ್ಟ ಸರಿಯಿತ್ತು, ಉಪ್ಪು ಏರ್ತಾ ಇತ್ತು.

ಮುಂಬೈಗೆ ಈ ಗಾಜಿನ ಕಡಲು ಹೊಸದಲ್ಲ. ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಅಕ್ವೇರಿಯಂ ಶುರುವಾಗಿದ್ದು 1951ರಲ್ಲಿ. ಆದರೆ ದೊಡ್ಡ ತೊಟ್ಟಿ ತಪ್ಪನ್ನು ಸ್ವಲ್ಪ ಕಾಲ ತಡ್ಕೊಳ್ಳುತ್ತೆ, ಚಿಕ್ಕದು ತಡ್ಕೊಳ್ಳಲ್ಲ.

ಈಗ ಗಾಜಿನ ಮೇಲೆ ಒಂದು ಗೆರೆ ಹಾಕಿದ್ದೀನಿ. ಅದಕ್ಕಿಂತ ಇಳಿದರೆ ಮಗಳೇ ಆರ್‌ಓ ನೀರು ಹಾಕ್ತಾಳೆ. ಹೋಗಿದ್ದು ಏನೋ ಅದನ್ನೇ ತುಂಬಬೇಕು, ಇಷ್ಟೇ ಪಾಠ. ಮುಂದಿನ ವಿಡಿಯೋದಲ್ಲಿ ಸಿಗೋಣ.