ಖಜಾನೆಯ ಕೀಲಿಕೈ ಮತ್ತು ನಿಜಾಮರ ಚಿನ್ನ

ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ - ಈ ಊರುಗಳೆಲ್ಲವೂ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದವು. ಇಲ್ಲಿನ ರೈತರು ತೆತ್ತ ಕಂದಾಯವು ಆ ಸಂಸ್ಥಾನದ ಖಜಾನೆಗೇ ಸೇರುತ್ತಿತ್ತು. ಆದ್ದರಿಂದ ನಿಜಾಮರ ಚಿನ್ನದ ಮಾತು ಬಂದಾಗ ನಮ್ಮ ಭಾಗದ ಹಿರಿಯರ ಕಿವಿ ಇಂದಿಗೂ ನೆಟ್ಟಗಾಗುತ್ತದೆ. ಆ ಮಾತುಗಳಲ್ಲಿ ಒಂದು ಕಥೆಯಂತೂ ಮನೆಮನೆಯಲ್ಲಿ ನೆಲೆಸಿದೆ. 1965ರ ಯುದ್ಧದ ಕಾಲದಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನೆರವು ಕೋರಿದಾಗ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 5,000 ಕಿಲೋ ಚಿನ್ನವನ್ನು ದೇಶಕ್ಕೆ ದಾನ ಮಾಡಿದರು, ಪೆಟ್ಟಿಗೆಗಳನ್ನಷ್ಟೇ ಹಿಂದಿರುಗಿಸಿರೆಂದರು ಎಂಬುದೇ ಆ ಕಥೆ.

ಸರಕಾರಿ ದಾಖಲೆ ಬೇರೆಯೇ ಹೇಳುತ್ತದೆ. ಮಾಹಿತಿ ಹಕ್ಕಿನಡಿ ದೊರೆತ ಉತ್ತರದ ಪ್ರಕಾರ ನಿಜಾಮರು 1965ರಲ್ಲಿ ರಾಷ್ಟ್ರೀಯ ರಕ್ಷಣಾ ಚಿನ್ನದ ಯೋಜನೆಯಲ್ಲಿ ತೊಡಗಿಸಿದ್ದು 4.25 ಲಕ್ಷ ಗ್ರಾಂ, ಅಂದರೆ 425 ಕಿಲೋ ಚಿನ್ನ. ಅದು ದಾನವಾಗಿರಲಿಲ್ಲ. ಬಡ್ಡಿ ನೀಡುವ ಸರಕಾರಿ ಬಾಂಡುಗಳಲ್ಲಿ ಮಾಡಿದ ಹೂಡಿಕೆಯಾಗಿತ್ತು.

ಈ ವ್ಯತ್ಯಾಸವನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು. ನಮ್ಮ ಗೌರವವನ್ನೇ ಯಾರೋ ಕಿತ್ತುಕೊಂಡಂತೆ ಅನಿಸಬಹುದು. ಆದರೆ ಖಜಾನೆಯ ಇತಿಹಾಸವನ್ನು ತುಸು ಹಿಂದಿನಿಂದ ನೋಡಿದರೆ ಈ ಬೇಸರಕ್ಕೆ ಕಾರಣವಿಲ್ಲವೆಂಬುದು ತಿಳಿಯುತ್ತದೆ.

ಖಜಾನೆ ಎಂದರೇನು? ಇಸ್ಲಾಮೀ ಇತಿಹಾಸದಲ್ಲಿ ಇದಕ್ಕೆ ಬೈತುಲ್ ಮಾಲ್ ಎಂಬ ಹೆಸರಿದೆ. ಪ್ರವಾದಿಯವರ(ಸ) ಕಾಲದಲ್ಲಿ ಬಂದ ಸಂಪತ್ತು ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ, ಹಕ್ಕುದಾರರಿಗೆ ಬೇಗನೆ ಹಂಚಿಹೋಗುತ್ತಿತ್ತು. ದ್ವಿತೀಯ ಖಲೀಫ ಹಝ್ರತ್ ಉಮರ್(ರ) ಅವರ ಆಡಳಿತದಲ್ಲಿ ರಾಜ್ಯವು ವಿಸ್ತಾರಗೊಂಡು ಇರಾಕ್, ಸಿರಿಯಾಗಳಿಂದ ಆದಾಯ ಹರಿದುಬಂದಾಗ ದಫ್ತರ, ಲೆಕ್ಕಿಗರು ಮತ್ತು ಖಜಾಂಚಿಗಳುಳ್ಳ ವ್ಯವಸ್ಥೆ ರೂಪುಗೊಂಡಿತು. ಕೂಫಾ ನಗರದ ಒಂದು ಘಟನೆಯನ್ನು ಇತಿಹಾಸಕಾರ ತಬರಿಯವರು ದಾಖಲಿಸಿದ್ದಾರೆ. ಅಲ್ಲಿನ ಬೈತುಲ್ ಮಾಲ್‌ಗೆ ಕಳ್ಳರು ಕನ್ನ ಕೊರೆದರು. ಸುದ್ದಿ ತಿಳಿದ ಖಲೀಫರು ಗೋಡೆಯನ್ನು ಇನ್ನಷ್ಟು ದಪ್ಪವಾಗಿ ಕಟ್ಟಿರೆಂದು ಬರೆಯಲಿಲ್ಲ. ಮಸೀದಿಯನ್ನು ಖಜಾನೆಯ ಪಕ್ಕಕ್ಕೇ ತರುವಂತೆ ರಾಜ್ಯಪಾಲರಾಗಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರಿಗೆ ಆದೇಶಿಸಿದರು. ಮಸೀದಿಯಲ್ಲಿ ಹಗಲಿರುಳು ಜನರಿರುತ್ತಾರೆ, ತಮ್ಮ ಸಂಪತ್ತನ್ನು ತಾವೇ ಕಾಯುತ್ತಾರೆ ಎಂಬುದು ಅದರ ತರ್ಕ.

ದಮಾಸ್ಕಸ್‌ನ ಉಮಯ್ಯ ಮಸೀದಿಯ ಅಂಗಳದಲ್ಲಿ ಎಂಟು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಅಷ್ಟಕೋನದ ಒಂದು ಕಟ್ಟಡವನ್ನು ಇಂದಿಗೂ ಕಾಣಬಹುದು. ಅದರ ಹೆಸರು ಕುಬ್ಬತುಲ್ ಖಝ್ನ, ಅಂದರೆ ಖಜಾನೆಯ ಗುಂಬಜ. ನೆಲದಿಂದ ಮೇಲಿರುವುದರಿಂದ ಏಣಿಯಿಲ್ಲದೆ ಅದನ್ನು ತಲುಪಲಾಗದು, ನಮಾಝ್‌ಗೆ ಬಂದವರೆಲ್ಲರ ಕಣ್ಣೂ ಅದರ ಮೇಲಿರುತ್ತದೆ. ಸಾರ್ವಜನಿಕ ಸಂಪತ್ತನ್ನು ಸಾರ್ವಜನಿಕರ ದೃಷ್ಟಿಯಲ್ಲೇ ಇಡಬೇಕೆಂಬ ತತ್ವವನ್ನು ಕಲ್ಲಿನಲ್ಲಿ ಕಟ್ಟಿದಂತಿದೆ ಆ ಗುಂಬಜ.

ಕೂಫಾದ ಇನ್ನೊಂದು ಪ್ರಸಂಗವೂ ಇಲ್ಲಿ ಸ್ಮರಣೀಯ. ಹಝ್ರತ್ ಉಸ್ಮಾನ್(ರ) ಅವರ ಕಾಲದಲ್ಲಿ ಅದೇ ಸಅದ್(ರ) ಬೈತುಲ್ ಮಾಲ್‌ನಿಂದ ಸಾಲ ಪಡೆದಿದ್ದರು. ಖಜಾಂಚಿಯಾಗಿದ್ದವರು ಅಬ್ದುಲ್ಲಾಹ್ ಬಿನ್ ಮಸ್ಊದ್(ರ). ಸಾಲದ ಮರುಪಾವತಿಯನ್ನು ಅವರು ರಾಜ್ಯಪಾಲರ ಮುಖಕ್ಕೇ ಕೇಳಿದರು. ಮಾತು ಬೆಳೆದು ಕೊನೆಗೆ ರಾಜ್ಯಪಾಲರ ಹುದ್ದೆ ಹೋಯಿತು, ಖಜಾಂಚಿ ತಮ್ಮ ಸ್ಥಾನದಲ್ಲೇ ಉಳಿದರು. ಇಬ್ಬರೂ ಪ್ರವಾದಿಯವರ(ಸ) ಗೌರವಾನ್ವಿತ ಸಂಗಾತಿಗಳು. ಹಾಗಿದ್ದೂ ಲೆಕ್ಕವನ್ನು ಲೆಕ್ಕವಾಗಿಯೇ ನೋಡಲಾಯಿತು.

ನಮ್ಮ ನಾಡಿಗೆ ಬರೋಣ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಟಂಕಸಾಲೆಯಿತ್ತು, ತನ್ನದೇ ನಾಣ್ಯವಿತ್ತು. ಉಸ್ಮಾನಿಯಾ ಸಿಕ್ಕಾದ ಏಳು ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಎಂಬುದು ಅಂದಿನ ಲೆಕ್ಕ. 1918ರಿಂದ ಸಂಸ್ಥಾನದ ನೋಟುಗಳೂ ಚಲಾವಣೆಗೆ ಬಂದವು. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಗಣಿಯೂ ಈ ಸಂಸ್ಥಾನದೊಳಗೇ ಇತ್ತು. 1942ರಲ್ಲಿ ಕಾರ್ಯಾರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸರಕಾರದ ಹಣಕಾಸನ್ನು ನೋಡಿಕೊಳ್ಳುತ್ತಿತ್ತು.

ಈ ಆಡಳಿತದಲ್ಲಿ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಅರಿಯಬೇಕು. ಒಂದು ದೀವಾನಿ, ಅಂದರೆ ಸರಕಾರದ ಭೂಮಿ ಮತ್ತು ಆದಾಯ. ಇನ್ನೊಂದು ಸರ್ಫ್-ಎ-ಖಾಸ್, ಅಂದರೆ ನಿಜಾಮರ ಖಾಸಗಿ ಭೂಮಿ ಮತ್ತು ಆದಾಯ. ಕಾಗದದ ಮೇಲೆ ಗೆರೆಯಿದ್ದರೂ ಎರಡರ ಒಡೆಯನೂ ಒಬ್ಬನೇ ಆಗಿದ್ದಾಗ ಆ ಗೆರೆ ತೆಳುವಾಗುತ್ತದೆ. 1949ರಲ್ಲಿ ಸರ್ಫ್-ಎ-ಖಾಸ್ ಭೂಮಿ ದೀವಾನಿಯಲ್ಲಿ ವಿಲೀನಗೊಂಡಿತು. ಆದರೂ ಇದು ಯಾರ ಸಂಪತ್ತು ಎಂಬ ಪ್ರಶ್ನೆ ಬಹುಕಾಲ ಬೆನ್ನು ಬಿಡಲಿಲ್ಲ.

ಲಂಡನ್ ಬ್ಯಾಂಕಿನ ಹಣದ ಪ್ರಕರಣ ಇದಕ್ಕೆ ಸಾಕ್ಷಿ. 1948ರ ಸೆಪ್ಟೆಂಬರ್‌ನಲ್ಲಿ, ಪೋಲೀಸ್ ಕಾರ್ಯಾಚರಣೆಯ ದಿನಗಳಲ್ಲಿ, ಸಂಸ್ಥಾನದ ಖಾತೆಯಲ್ಲಿದ್ದ ಸುಮಾರು 10 ಲಕ್ಷ ಪೌಂಡ್ ಹಣವು ಬ್ರಿಟನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ರಹಿಮತುಲ್ಲಾ ಅವರ ಹೆಸರಿಗೆ ವರ್ಗವಾಯಿತು. ಕೆಲವೇ ದಿನಗಳಲ್ಲಿ ನಿಜಾಮರು ಅದನ್ನು ಹಿಂದಿರುಗಿಸುವಂತೆ ಕೇಳಿದರು. ಬ್ಯಾಂಕ್ ಯಾರಿಗೂ ಕೊಡಲಿಲ್ಲ. ಏಳು ದಶಕಗಳ ಬಳಿಕ, 2019ರ ಅಕ್ಟೋಬರ್ 2ರಂದು, ಇಂಗ್ಲೆಂಡಿನ ಹೈಕೋರ್ಟ್ ತೀರ್ಪು ನೀಡಿ ಆ ಹಣ ಏಳನೆಯ ನಿಜಾಮರಿಗೆ ಸೇರಿದ್ದೆಂದೂ ಅವರ ಮೂಲಕ ಹಕ್ಕು ಪಡೆದ ಭಾರತ ಸರಕಾರ ಮತ್ತು ಇಬ್ಬರು ಮೊಮ್ಮಕ್ಕಳಿಗೆ ಸಲ್ಲಬೇಕೆಂದೂ ಹೇಳಿತು. ಅಷ್ಟರಲ್ಲಿ ಆ ಮೊತ್ತ ಸುಮಾರು 3.5 ಕೋಟಿ ಪೌಂಡ್ ಆಗಿತ್ತು. ಯಾರ ಹಣ, ಯಾರ ಅಪ್ಪಣೆ ಎಂಬುದು ಸ್ಪಷ್ಟವಾಗಿರದಿದ್ದರೆ ಅಮಾನತ್ ತನ್ನ ಮನೆ ಸೇರಲು ಎಪ್ಪತ್ತು ವರ್ಷ ಬೇಕಾಗುತ್ತದೆ.

ನಿಜಾಮರ ಒಡವೆಗಳದ್ದೂ ಇದೇ ಬಗೆಯ ಕಥೆ. 1951 ಮತ್ತು 1952ರಲ್ಲಿ ಅವರು ಒಡವೆಗಳಿಗಾಗಿ ಟ್ರಸ್ಟ್‌ಗಳನ್ನು ಸ್ಥಾಪಿಸಿದರು. ದೀರ್ಘ ವ್ಯಾಜ್ಯದ ಬಳಿಕ 1995ರಲ್ಲಿ ಭಾರತ ಸರಕಾರ 173 ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಖರೀದಿಸಿತು. 184.75 ಕ್ಯಾರೆಟ್ಟಿನ ಜೇಕಬ್ ವಜ್ರವೂ ಅವುಗಳಲ್ಲಿದೆ. ಅವು ಈಗ ರಿಸರ್ವ್ ಬ್ಯಾಂಕಿನ ತಿಜೋರಿಯಲ್ಲಿ ದೇಶದ ಸೊತ್ತಾಗಿ ಇವೆ, ಕೆಲವೊಮ್ಮೆ ಪ್ರದರ್ಶನಕ್ಕೆ ಬಂದಾಗ ಸಾಮಾನ್ಯ ಪ್ರಜೆಯೂ ನೋಡಬಹುದು.

ಅದೇ ರಿಸರ್ವ್ ಬ್ಯಾಂಕ್ ಮುಂಬಯಿ ಮತ್ತು ನಾಗಪುರಗಳಲ್ಲಿ ದೇಶದ ಚಿನ್ನವನ್ನು ಕಾಯುತ್ತದೆ. 1991ರಲ್ಲಿ ವಿದೇಶಿ ವಿನಿಮಯದ ಸಂಕಷ್ಟ ಒದಗಿದಾಗ ಸುಮಾರು 47 ಟನ್ ಚಿನ್ನವನ್ನು ಅಡವಿಡಬೇಕಾಯಿತು. 2009ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಖರೀದಿಸಲಾಯಿತು. 2025ರ ಮಾರ್ಚ್ ಅಂತ್ಯಕ್ಕೆ ಒಟ್ಟು ಸಂಗ್ರಹ 879 ಟನ್ ದಾಟಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೇಶದೊಳಗೇ ಇತ್ತು. ಈ ಅಂಕಿಗಳು ನಮಗೆ ತಿಳಿದಿರುವುದು ಬ್ಯಾಂಕ್ ಅವುಗಳನ್ನು ಕಾಲಕಾಲಕ್ಕೆ ಪ್ರಕಟಿಸುವುದರಿಂದ.

ಜಿಲ್ಲಾ ಖಜಾನೆಗಳಲ್ಲೂ ಇದೇ ಶಿಸ್ತಿದೆ. ಭದ್ರತಾ ಕೊಠಡಿಗೆ ಎರಡು ಬೀಗ, ಇಬ್ಬರ ಕೈಯಲ್ಲಿ ಒಂದೊಂದು ಕೀಲಿಕೈ. ಒಬ್ಬರೇ ಬಂದರೆ ಬಾಗಿಲು ತೆರೆಯದು. ಮೇಲುಕೋಟೆಯ ದೇವರ ವೈರಮುಡಿ ಕಿರೀಟ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ವರ್ಷಕ್ಕೊಮ್ಮೆ ಉತ್ಸವಕ್ಕೆ ಪೋಲೀಸ್ ಕಾವಲಿನಲ್ಲಿ ಹೊರಟು ಮತ್ತೆ ಅಲ್ಲಿಗೇ ಮರಳುತ್ತದೆ. ಆ ಕಿರೀಟ ಖಜಾನೆಯದ್ದಲ್ಲ, ಖಜಾನೆ ಅದರ ಕಾವಲುಗಾರ ಮಾತ್ರ. ಅಮಾನತ್ ಎಂಬ ಶಬ್ದದ ಅರ್ಥವನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಇನ್ನು 425 ಕಿಲೋ ಚಿನ್ನದ ವಿಷಯಕ್ಕೆ ಮರಳೋಣ. 1962ರ ಚೀನಾ ಯುದ್ಧದ ನಂತರ ಸರಕಾರಕ್ಕೆ ಚಿನ್ನ ಮತ್ತು ವಿದೇಶಿ ವಿನಿಮಯದ ತೀವ್ರ ಅಗತ್ಯವಿತ್ತು. 1963ರಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದವು, ಮನೆಗಳಲ್ಲಿದ್ದ ಚಿನ್ನವನ್ನು ಬಾಂಡುಗಳ ಮೂಲಕ ಹೊರತರುವ ಯತ್ನ ನಡೆಯಿತು. ಅಂತಹ ಹೊತ್ತಿನಲ್ಲಿ, ತನ್ನ ಸಿಂಹಾಸನವನ್ನು ಕಳೆದುಕೊಂಡ ದೊರೆಯೊಬ್ಬರು ಅದೇ ಸರಕಾರದ ವಾಗ್ದಾನವನ್ನು ನಂಬಿ 425 ಕಿಲೋ ಚಿನ್ನವನ್ನು ಅದರ ಕೈಗೆ ಒಪ್ಪಿಸಿದರು. ಬಡ್ಡಿಯ ಕುರಿತಾದ ಧಾರ್ಮಿಕ ತೀರ್ಪು ಬೇರೊಂದು ಚರ್ಚೆ. ಹೂಡಿಕೆ ದಾನವಾಗದು. ಆದರೆ ಯುದ್ಧಕಾಲದ ಆ ವಿಶ್ವಾಸಕ್ಕೆ ತನ್ನದೇ ತೂಕವಿದೆ. ಅದಕ್ಕೆ ಹನ್ನೆರಡು ಪಟ್ಟು ಸುಳ್ಳು ತೂಕ ಸೇರಿಸುವ ಅಗತ್ಯವಿಲ್ಲ.

ಸುಳ್ಳು ತೂಕದ ನಷ್ಟವನ್ನು ತೆರುವವರು ನಮ್ಮ ಮಕ್ಕಳು. ಐದು ಸಾವಿರ ಕಿಲೋ ಎಂದು ತರಗತಿಯಲ್ಲಿ ಅಭಿಮಾನದಿಂದ ಹೇಳಿದ ಹುಡುಗನ ಮುಂದೆ ಯಾರಾದರೂ ದಾಖಲೆ ಹಿಡಿದರೆ, ಅವನು ಹೇಳುವ ನಿಜವಾದ ಇತಿಹಾಸವನ್ನೂ ಮುಂದೆ ಯಾರೂ ನಂಬಲಾರರು. ಅಳತೆ ಮತ್ತು ತೂಕದಲ್ಲಿ ಮೋಸ ಮಾಡಬಾರದೆಂದು ಪವಿತ್ರ ಕುರ್‌ಆನ್ ಮತ್ತೆಮತ್ತೆ ಎಚ್ಚರಿಸಿದೆ. ಆ ಎಚ್ಚರಿಕೆ ತಕ್ಕಡಿಯ ವ್ಯಾಪಾರಿಗಷ್ಟೇ ಅಲ್ಲ, ಹಿರಿಯರ ಗುಣಗಾನ ಮಾಡುವ ನಾಲಗೆಗೂ ಅನ್ವಯಿಸುತ್ತದೆಂದು ನಾವು ಭಾವಿಸುತ್ತೇವೆ.

ಪವಿತ್ರ ಕುರ್‌ಆನಿನಲ್ಲಿ ಪ್ರವಾದಿ ಯೂಸುಫ್(ಅ) ನಾಡಿನ ಭಂಡಾರಗಳ ಹೊಣೆಯನ್ನು ಕೇಳಿಕೊಂಡಾಗ ತಮ್ಮ ಎರಡು ಅರ್ಹತೆಗಳನ್ನು ಮುಂದಿಟ್ಟರು: ಕಾಯುವ ಗುಣ ಮತ್ತು ತಿಳಿವಳಿಕೆ. ಖಜಾನೆಗೆ ಬೇಕಾದ ಈ ಎರಡು ಗುಣಗಳು ಇತಿಹಾಸಕ್ಕೂ ಬೇಕು. ನಮ್ಮೂರ ಜಮಾಅತಿನ ಝಕಾತ್ ಪೆಟ್ಟಿಗೆಗೂ ಬೇಕು. ಆ ಪೆಟ್ಟಿಗೆಗೆ ಎರಡು ಬೀಗ ಹಾಕೋಣ, ಬಂದದ್ದು ಮತ್ತು ಹೋದದ್ದನ್ನು ಜುಮುಅದ ದಿನ ಎಲ್ಲರಿಗೂ ಕಾಣುವಂತೆ ಮಸೀದಿಯ ಫಲಕದಲ್ಲಿ ಬರೆಯೋಣ. ಅಮಾನತನ್ನು ಅದರ ಹಕ್ಕುದಾರರಿಗೆ ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.