ನಾಯಿಗಳು ಬಿಟ್ಟುಕೊಟ್ಟ ಗುಟ್ಟು: ಪ್ರಾಸ್ಟೇಟ್ ಗ್ರಂಥಿಯ ಕಥೆ

ಇವತ್ತಿನ ಎಪಿಸೋಡನ್ನ ನಮ್ಮ ತಾತನಿಂದ ಶುರು ಮಾಡ್ತೀನಿ. ತಾತ ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗ್ತಿದ್ರು. ಬಸ್ಸಲ್ಲಿ ದೂರ ಹೋಗೋದಿದ್ರೆ ಬೆಳಗ್ಗೆಯಿಂದ ನೀರೇ ಕುಡೀತಿರಲಿಲ್ಲ. ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ವಯಸ್ಸಾಯ್ತಲ್ಲ’ ಅಂದ್ಕೊಂಡು ಎಲ್ಲರೂ ಸುಮ್ಮನಿದ್ವಿ. ಅದು ಪ್ರಾಸ್ಟೇಟ್ ತೊಂದರೆ ಅಂತ ಗೊತ್ತಾಗಿದ್ದು ಒಂದಿನ ಮೂತ್ರ ಪೂರ್ತಿ ಕಟ್ಟಿಕೊಂಡಾಗ.

ಪ್ರಾಸ್ಟೇಟ್ ಅಂದ್ರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ವೀರ್ಯದಲ್ಲಿರುವ ದ್ರವದ ಒಂದು ಭಾಗ ಇಲ್ಲೇ ತಯಾರಾಗುತ್ತೆ. ಸಮಸ್ಯೆ ಅದು ಇರೋ ಜಾಗದ್ದು: ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತೆ. ವಯಸ್ಸಾದಂತೆ ಗ್ರಂಥಿ ಊದಿದರೆ ನಾಳ ಕಿರಿದಾಗುತ್ತೆ. ಹೀಗೆ ಊದೋದು ಕ್ಯಾನ್ಸರ್ ಅಲ್ಲ.

ಇದು ಊದೋದು ಯಾಕೆ? 18ನೇ ಶತಮಾನದಲ್ಲೇ ಜಾನ್ ಹಂಟರ್ ಎಂಬ ಸರ್ಜನ್ ಒಂದು ಸುಳಿವು ಕೊಟ್ಟಿದ್ದರು: ಬೀಜ ಒಡೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಚಿಕ್ಕದಾಗಿರುತ್ತೆ. 1890ರ ದಶಕದಲ್ಲಿ ಕೆಲವು ಸರ್ಜನ್‌ಗಳು ಇದನ್ನೇ ನಂಬಿ, ಮೂತ್ರ ಕಟ್ಟಿದ ಮುದುಕರ ವೃಷಣಗಳನ್ನೇ ತೆಗೆದರು. ಆ ಪದ್ಧತಿ ಹೆಚ್ಚು ಕಾಲ ಉಳಿಯಲಿಲ್ಲ.

ಈಗ ಷಿಕಾಗೋಗೆ ಬನ್ನಿ. 1930ರ ದಶಕದ ಕೊನೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಎಂಬ ಡಾಕ್ಟರು ನಾಯಿಗಳ ಪ್ರಾಸ್ಟೇಟ್ ದ್ರವದ ಅಧ್ಯಯನ ಮಾಡ್ತಿದ್ದರು. ಅವರು ಹುಡುಕ್ತಿದ್ದದ್ದು ಕ್ಯಾನ್ಸರ್ ಮದ್ದನ್ನಲ್ಲ. ಆದರೆ ಮುದಿ ನಾಯಿಗಳಲ್ಲೂ ಮನುಷ್ಯರ ಹಾಗೇ ಪ್ರಾಸ್ಟೇಟ್ ಗಡ್ಡೆ ಬರುತ್ತೆ. ಮೊದಮೊದಲು ಅಂಥ ನಾಯಿ ಸಿಕ್ಕರೆ ಪ್ರಯೋಗ ಕೆಟ್ಟಿತು ಅನ್ನೋ ಕಿರಿಕಿರಿ. ಆಮೇಲೆ ನೋಡಿದರೆ, ವೃಷಣ ತೆಗೆದಾಗ ಅಥವಾ ಹೆಣ್ಣು ಹಾರ್ಮೋನು ಈಸ್ಟ್ರೋಜೆನ್ ಕೊಟ್ಟಾಗ ಗಡ್ಡೆ ಕುಗ್ಗುತ್ತಿತ್ತು!

ಮನುಷ್ಯರಲ್ಲೂ ಹೀಗೇ ಆಗುತ್ತಾ? ನೋಡೋಕೆ ಒಂದು ಅಳತೆಗೋಲು ಆಗಲೇ ಸಿದ್ಧವಿತ್ತು. ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ರಕ್ತದಲ್ಲಿ ಏರುತ್ತೆ ಅಂತ 1938ರಲ್ಲಿ ಗುಟ್‌ಮನ್ ದಂಪತಿ ತೋರಿಸಿದ್ದರು. 1941ರಲ್ಲಿ ಹಗ್ಗಿನ್ಸ್ ಮತ್ತು ಅವರ ವಿದ್ಯಾರ್ಥಿ ಕ್ಲಾರೆನ್ಸ್ ಹಾಡ್ಜಸ್ ಫಲಿತಾಂಶ ಪ್ರಕಟಿಸಿದರು: ಟೆಸ್ಟೋಸ್ಟೆರಾನ್ ನಿಂತರೆ ಕಿಣ್ವ ಇಳಿಯುತ್ತೆ, ಕೊಟ್ಟರೆ ಏರುತ್ತೆ. ಮೂಳೆನೋವಿನಿಂದ ನರಳ್ತಿದ್ದ ಕೆಲವರಿಗೆ ಕೆಲವೇ ದಿನಗಳಲ್ಲಿ ಆರಾಮ ಸಿಕ್ಕಿತು.

ಅಲ್ಲಿವರೆಗೆ ಕ್ಯಾನ್ಸರ್ ಜೀವಕೋಶ ಯಾರ ಮಾತೂ ಕೇಳದ ಪುಂಡ ಅನ್ನೋ ನಂಬಿಕೆ ಇತ್ತು. ಅದೂ ದೇಹದ ಹಾರ್ಮೋನಿನ ಮಾತು ಕೇಳುತ್ತೆ ಅಂತ ಹಗ್ಗಿನ್ಸ್ ತೋರಿಸಿಕೊಟ್ಟರು. ನೊಬೆಲ್ ಬಂದಿದ್ದು 25 ವರ್ಷ ತಡವಾಗಿ, 1966ರಲ್ಲಿ. ಹಾಗಂತ ರೋಗ ಬೇರುಸಹಿತ ಹೋಗಲಿಲ್ಲ, ಎಷ್ಟೋ ಜನರಲ್ಲಿ ಮತ್ತೆ ಮರಳಿತು. ಮುಂದೆ ಆಪರೇಷನ್ ಬದಲು ಇಂಜೆಕ್ಷನ್‌ಗಳು ಬಂದವು. ಆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆ ಇಂದಿಗೂ ನಿಂತಿರೋದು ಅದೇ ಸೂತ್ರದ ಮೇಲೆ.

ಇವತ್ತು ಪಿಎಸ್‌ಎ ಅನ್ನೋ ರಕ್ತಪರೀಕ್ಷೆ ಇದೆ. ಅದು ಸುಮ್ಮನೆ ಊದಿದ ಗ್ರಂಥಿಯಲ್ಲೂ, ಸೋಂಕಿನಲ್ಲೂ ಏರಬಹುದು. ಹಾಗಾಗಿ ಒಂದು ನಂಬರ್ ನೋಡಿ ಹೆದರಬೇಡಿ, ಡಾಕ್ಟರ ಹತ್ತಿರ ಮಾತಾಡಿ. ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸಲ್ಲ ಅನ್ನೋದೂ ನೆನಪಿರಲಿ.

ಹಗ್ಗಿನ್ಸ್ ಹತ್ತಿರ ಬಂದವರಿಗೆ ರೋಗ ಆಗಲೇ ಹರಡಿತ್ತು. ಆಗ ಬೇಗ ಪತ್ತೆ ಮಾಡೋ ದಾರಿಗಳು ಕಡಿಮೆ ಇದ್ದವು. ನಮ್ಮ ತಾತನ ಕಾಲಕ್ಕೆ ದಾರಿ ಇತ್ತು, ನಾಚಿಕೆ ಅಡ್ಡ ಬಂತು. ಅವರು ಗುಣವಾಗಿ ಮನೆಗೆ ಬಂದರು ಅನ್ನೋದು ನಮ್ಮ ಪುಣ್ಯ. ನಿಮ್ಮ ಮನೆಯಲ್ಲೂ ಯಾರಾದರೂ ರಾತ್ರಿಯೆಲ್ಲ ಎದ್ದು ಓಡಾಡ್ತಿದ್ರೆ, ‘ಅಪ್ಪಾ, ಮೂತ್ರಕ್ಕೆ ತೊಂದರೆ ಆಗ್ತಿದೆಯಾ?’ ಅಂತ ನೀವೇ ಕೇಳಿಬಿಡಿ. ಮುಂದಿನ ವಾರ ಸಿಗೋಣ.